ಕೊಟ್ಟವರಿಲ್ಲದ ಕೊಡುಗೆ

2020ರ ಡಿಸೆಂಬರ್. ಕೋವಿಡ್ ಕಾಟದಿಂದ ಅಮೆರಿಕ ಮತ್ತು ಪಶ್ಚಿಮ ಯುರೋಪಿನ ಜನ ಕ್ರಿಸ್‌ಮಸ್ ಖರೀದಿಯನ್ನೆಲ್ಲ ಮನೆಯಲ್ಲಿ ಕೂತೇ ಮಾಡುತ್ತಿದ್ದ ಹೊತ್ತು. ಆಗ ಅನೇಕರ ಇನ್‌ಬಾಕ್ಸಿಗೆ ಅಮೆಜಾನ್ ಹೆಸರು ಹೊತ್ತ ಒಂದು ಇಮೇಲ್ ಬಂತು. ನಿಮಗೆ 100 ಡಾಲರಿನ ಗಿಫ್ಟ್ ಕಾರ್ಡ್ ಬಂದಿದೆ, ಬಟನ್ ಒತ್ತಿ ಪಡೆದುಕೊಳ್ಳಿ ಎಂದಷ್ಟೇ ಅದರ ಸಾರ. ಒತ್ತಿದರೆ ಒಂದು ವರ್ಡ್ ಫೈಲ್ ಇಳಿಯುತ್ತಿತ್ತು. ಫೈಲ್ ತೆರೆದರೆ ಕಾರ್ಡ್ ಕಾಣುತ್ತಿರಲಿಲ್ಲ, ಕಾಣಬೇಕಾದರೆ ಮೇಲಿನ ಹಳದಿ ಪಟ್ಟಿಯಲ್ಲಿರುವ 'ಎನೇಬಲ್ ಕಂಟೆಂಟ್' ಒತ್ತಬೇಕಿತ್ತು. ಅದನ್ನೂ ಒತ್ತಿದರೆ ಫೈಲಿನ ಹೊಟ್ಟೆಯಲ್ಲಿದ್ದ ಮ್ಯಾಕ್ರೊ ಎಂಬ ಪುಟ್ಟ ಪ್ರೋಗ್ರಾಮ್ ಎದ್ದು ಕೂರುತ್ತಿತ್ತು, ಎಲ್ಲಿಂದಲೋ ಡ್ರೈಡೆಕ್ಸ್ ಎಂಬ ಮಾಲ್‌ವೇರನ್ನು ಕರೆಸಿಕೊಳ್ಳುತ್ತಿತ್ತು. ಬ್ಯಾಂಕಿನ ಪಾಸ್‌ವರ್ಡ್ ಕದಿಯುವುದೇ ಅದರ ಕಸುಬು. ತೆರೆಯ ಮೇಲೆ ಮಾತ್ರ ಏನೋ ಎರರ್ ಬಂದಂತೆ ಒಂದು ಪುಟ್ಟ ಕಿಟಕಿ ತೆರೆದುಕೊಳ್ಳುತ್ತಿತ್ತು. ಓದುಗ 'ಥೂ, ತೆರೆಯಲೇ ಇಲ್ಲವಲ್ಲ' ಎಂದು ಬೈದುಕೊಂಡು ಬೇರೆ ಕೆಲಸಕ್ಕೆ ಹೋಗಲಿ ಎಂಬುದಕ್ಕಾಗಿ ಆ ಕಿಟಕಿ.

ಇದನ್ನು ಬಿಚ್ಚಿ ನೋಡಿದ ಸೈಬರ್‌ರೀಸನ್ ಎಂಬ ಭದ್ರತಾ ಸಂಸ್ಥೆಯ ವರದಿಯಲ್ಲಿ ಒಂದು ಸಂಗತಿ ಇದೆ. ಗುಂಡಿ ಒತ್ತಿದವರಲ್ಲಿ ಹೆಚ್ಚಿನವರನ್ನು ಕಳ್ಳರು ಕೊನೆಗೆ ಅಮೆಜಾನಿನ ಅಸಲಿ ಪುಟಕ್ಕೇ ತಂದು ಬಿಡುತ್ತಿದ್ದರಂತೆ. ಜೇಬಿಗೆ ಕೈ ಹಾಕಿದವನೇ ಕೈ ಹಿಡಿದು ರಸ್ತೆ ದಾಟಿಸಿ, ಬರಬೇಕಾದ ಅಂಗಡಿಯ ಬಾಗಿಲಿಗೆ ಬಿಟ್ಟು ಹೋದ ಹಾಗೆ. ಅಸಲಿಗೂ ನಕಲಿಗೂ ನಡುವೆ ಅಷ್ಟೊಂದು ನುಣುಪಾದ ದಾರಿ ಹೇಗೆ ಸಾಧ್ಯವಾಯಿತು ಎಂಬುದು ನನ್ನ ತಲೆ ತಿಂದ ಪ್ರಶ್ನೆ. ಕಳ್ಳರ ಜಾಣತನವೊಂದೇ ಇದಕ್ಕೆ ಉತ್ತರವಾಗಲಾರದು ಎಂದು ನನಗೆ ಅನ್ನಿಸುತ್ತದೆ.

ಸುದ್ದಿ ಓದಿದವರ ಬಾಯಲ್ಲಿ ತೀರ್ಪು ಸಿದ್ಧವಾಗಿರುತ್ತದೆ: ಆಸೆಬುರುಕರು. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವವರಿಗೆ ಹೀಗೇ ಆಗಬೇಕು. ಠಾಣೆಯಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ, ಮನೆಯ ಊಟದ ಹೊತ್ತಿನಲ್ಲಿ, ಎಲ್ಲ ಕಡೆ ಇದೇ ಮಾತು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ದುರಾಸೆಯೇ ಕಾರಣವಾಗಿದ್ದರೆ ಕಳ್ಳ 100 ಡಾಲರ್ ಎಂದು ಯಾಕೆ ಬರೆಯುತ್ತಿದ್ದ? ಬರೆಯುವುದಕ್ಕೆ ಖರ್ಚೇನೂ ಇಲ್ಲ, ಒಂದು ಲಕ್ಷ ಡಾಲರ್ ಎಂದೂ ಬರೆಯಬಹುದಿತ್ತು. ನೂರು ಡಾಲರ್ ಎಂದರೆ ಅಲ್ಲಿನ ಲೆಕ್ಕಕ್ಕೆ ಒಂದು ಜೊತೆ ಶೂ ಬರುವಷ್ಟು ದುಡ್ಡು.

ಲಕ್ಷಗಟ್ಟಲೆ ಆಸೆ ತೋರಿಸುವ ಪತ್ರಗಳ ಜಾತಿಯೇ ಬೇರೆ. ಆಸ್ತಿ ಬಿಟ್ಟು ಸತ್ತ ನೈಜೀರಿಯಾದ ಶ್ರೀಮಂತನ ಕಥೆ ಇಡೀ ಲೋಕಕ್ಕೆ ಗೊತ್ತು. ಗೊತ್ತಿದ್ದೂ ಅವರು ನೈಜೀರಿಯಾ ಎಂದೇ ಯಾಕೆ ಬರೆಯುತ್ತಾರೆ ಎಂದು ಮೈಕ್ರೊಸಾಫ್ಟ್ ರಿಸರ್ಚಿನ ಕಾರ್ಮ್ಯಾಕ್ ಹರ್ಲಿ 2012ರಲ್ಲಿ ಒಂದು ಪ್ರಬಂಧವನ್ನೇ ಬರೆದರು. ಅವರ ವಾದ ಸರಳ. ಉತ್ತರ ಬರೆದ ಪ್ರತಿಯೊಬ್ಬರ ಹಿಂದೆ ಮೋಸಗಾರ ವಾರಗಟ್ಟಲೆ ಸಮಯ ಕಳೆಯಬೇಕು. ಅರ್ಧ ದಾರಿಯಲ್ಲಿ ಎಚ್ಚೆತ್ತುಕೊಳ್ಳುವವರು ಅವನಿಗೆ ನಷ್ಟ. ಹಾಗಾಗಿ ಕಥೆ ಮೊದಲಿಗೇ ಹಾಸ್ಯಾಸ್ಪದವಾಗಿದ್ದರೆ ವಿವೇಕಿಗಳು ತಾವಾಗಿ ಜಾರಿಕೊಳ್ಳುತ್ತಾರೆ, ಪೂರಾ ನಂಬುವವರಷ್ಟೇ ಉಳಿಯುತ್ತಾರೆ. ಅದು ಜರಡಿ ಹಿಡಿಯುವ ಕೆಲಸ.

ಗಿಫ್ಟ್ ವೋಚರಿಗೆ ಈ ಜರಡಿ ಬೇಕಿಲ್ಲ. ಇಲ್ಲಿ ಯಾರೂ ಯಾರೊಡನೆಯೂ ವಾರಗಟ್ಟಲೆ ಮಾತಾಡುವುದಿಲ್ಲ. ಎರಡು ಸಲ ಒತ್ತಿದರೆ ಮುಗಿಯಿತು, ಉಳಿದದ್ದನ್ನು ಮಾಲ್‌ವೇರ್ ನೋಡಿಕೊಳ್ಳುತ್ತದೆ. ಆದ್ದರಿಂದ ಈ ಕಳ್ಳನಿಗೆ ಊರಿನ ಪೆದ್ದ ಬೇಡ, ಊರಿನ ಸಾಮಾನ್ಯರು ಬೇಕು. ಹೆಚ್ಚೇನೂ ಯೋಚಿಸದೆ ನೂರು ಡಾಲರಿಗೆ 'ಸರಿ, ಇರಲಿ' ಎನ್ನುವ, ಮನೆ, ಆಫೀಸು, ಸಾಲದ ಕಂತು ಇರುವ ಸಾಮಾನ್ಯರು. ದೊಡ್ಡ ಮೊತ್ತ ಅನುಮಾನ ಹುಟ್ಟಿಸುತ್ತದೆ, ಸಣ್ಣದು ಹುಟ್ಟಿಸುವುದಿಲ್ಲ. ಅದನ್ನು ಬೇಡ ಎನ್ನುವುದೇ ಒಂದು ಬಗೆಯ ಬಿಗುಮಾನದಂತೆ ತೋರುತ್ತದೆ.

ಅದೇ 2020ರ ಡಿಸೆಂಬರಿನಲ್ಲಿ ಅಮೆರಿಕದ ಗೊಡ್ಯಾಡಿ ಕಂಪನಿಯ ನೌಕರರಿಗೂ ಒಂದು ಇಮೇಲ್ ಬಂದಿತ್ತು. ಈ ವರ್ಷದ ಹಬ್ಬದ ಕೂಟ ನಡೆಸಲಾಗುತ್ತಿಲ್ಲ, ಅದರ ಬದಲು 650 ಡಾಲರ್ ಬೋನಸ್ ಕೊಡುತ್ತೇವೆ, ವಿವರ ತುಂಬಿ ಕಳಿಸಿ ಎಂದಿತ್ತು. ಸುಮಾರು ಐನೂರು ಜನ ತುಂಬಿದರು. ಎರಡು ದಿನದ ನಂತರ ಅವರಿಗೆ ಬಂದ ಉತ್ತರ: ನೀವು ಫಿಶಿಂಗ್ ಪರೀಕ್ಷೆಯಲ್ಲಿ ಫೇಲಾಗಿದ್ದೀರಿ, ಭದ್ರತಾ ತರಬೇತಿಯನ್ನು ಮತ್ತೆ ಮಾಡಬೇಕು. ಪರೀಕ್ಷೆ ನಡೆಸಿದ್ದು ಕಂಪನಿಯೇ. ಆ ವರ್ಷದ ಜೂನಿನಲ್ಲಷ್ಟೇ ಅಲ್ಲಿ ನೂರಾರು ಜನ ಕೆಲಸ ಕಳೆದುಕೊಂಡಿದ್ದರು ಅಥವಾ ಬೇರೆಡೆಗೆ ಎತ್ತಂಗಡಿಯಾಗಿದ್ದರು. ಸುದ್ದಿ ಹೊರಬಿದ್ದು ಜನ ಉಗಿದ ಮೇಲೆ ಕಂಪನಿ ಕ್ಷಮೆ ಕೇಳಿತು.

ಆ ಐನೂರು ಜನರನ್ನು ಆಸೆಬುರುಕರು ಎನ್ನುವುದು ಹೇಗೆ? ವರ್ಷವಿಡೀ ದುಡಿದವರು ವರ್ಷದ ಕೊನೆಗೆ ಧಣಿ ನೆನೆಸಿಕೊಂಡಾನು ಎಂದು ನಂಬಿದ್ದರು, ಅಷ್ಟೇ. ಪರೀಕ್ಷೆ ಅಳೆದದ್ದು ಅವರ ಅಜಾಗರೂಕತೆಯನ್ನಲ್ಲ, ಕಂಪನಿಯ ಮೇಲೆ ಅವರಿಗೆ ಇನ್ನೂ ಎಷ್ಟು ವಿಶ್ವಾಸ ಉಳಿದಿತ್ತು ಎಂಬುದನ್ನು. ಮರುದಿನದಿಂದ ಆ ಅಳತೆ ಕಡಿಮೆಯಾಗಿರಲೇಬೇಕು, ಭದ್ರತಾ ವಿಭಾಗದವರು ಅದನ್ನು ಪ್ರಗತಿ ಎಂದು ಬರೆದುಕೊಂಡಿದ್ದರೂ ಆಶ್ಚರ್ಯವಿಲ್ಲ.

ಇಮೇಲನ್ನು ಬಿಟ್ಟು ಅಂಚೆಯಲ್ಲೇ ಉಡುಗೊರೆ ಕಳಿಸಿದವರೂ ಇದ್ದಾರೆ. 2020ರ ಮಾರ್ಚಿನಲ್ಲಿ ಟ್ರಸ್ಟ್‌ವೇವ್ ಸಂಸ್ಥೆ ಬಯಲಿಗೆ ತಂದ ಪ್ರಕರಣ ಅದು. ಅಮೆರಿಕದ ಒಂದು ಆತಿಥ್ಯೋದ್ಯಮ ಕಂಪನಿಗೆ ಬೆಸ್ಟ್ ಬೈ ಅಂಗಡಿಯ ಹೆಸರಿನಲ್ಲಿ ಲಕೋಟೆ ಬಂತು. ಬಹುಕಾಲದಿಂದ ನಮ್ಮ ಗಿರಾಕಿಯಾಗಿದ್ದೀರಿ, ಧನ್ಯವಾದ, ಇಗೋ 50 ಡಾಲರಿನ ಗಿಫ್ಟ್ ಕಾರ್ಡ್, ಏನೇನು ಕೊಳ್ಳಬಹುದು ಎಂಬ ಪಟ್ಟಿ ಈ ಯುಎಸ್‌ಬಿಯಲ್ಲಿದೆ. ಕಳಿಸಿದ್ದು ಫಿನ್7 ಎಂಬ ಕುಖ್ಯಾತ ಗುಂಪು ಎಂದು ಎಫ್‌ಬಿಐ ಹೇಳಿತು. ಇಂಥ ಕೆಲವು ಪೊಟ್ಟಣಗಳಲ್ಲಿ ಟೆಡ್ಡಿ ಬೇರ್ ಕೂಡ ಇತ್ತು. ಆ ಗೊಂಬೆಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಕಳ್ಳರ ಗುಂಪಿನಲ್ಲಿ ಯಾರೋ ಒಬ್ಬರು ಗೊಂಬೆ ಆರಿಸಿ, ಕೊಂಡು, ಪೊಟ್ಟಣ ಕಟ್ಟಿ, ವಿಳಾಸ ಬರೆದಿರಬೇಕಲ್ಲ. ನಮ್ಮಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ಅಷ್ಟು ಮುತುವರ್ಜಿಯಿಂದ ಉಡುಗೊರೆ ಕಟ್ಟುವವರು ಎಷ್ಟು ಮಂದಿ?

ಯುಎಸ್‌ಬಿಯ ಕುತಂತ್ರ ಇನ್ನೂ ಸೂಕ್ಷ್ಮ. ನೋಡಲು ಅದು ಪೆನ್‌ಡ್ರೈವ್. ಆದರೆ ಚುಚ್ಚಿದ ಕೂಡಲೆ ಕಂಪ್ಯೂಟರಿಗೆ ತನ್ನನ್ನು ಕೀಬೋರ್ಡ್ ಎಂದು ಪರಿಚಯಿಸಿಕೊಳ್ಳುತ್ತಿತ್ತು. ಪೆನ್‌ಡ್ರೈವ್ ಬಂದರೆ ಕಂಪ್ಯೂಟರ್ ವೈರಸ್ ಇದೆಯೇ ಎಂದು ತಡಕಾಡುತ್ತದೆ. ಕೀಬೋರ್ಡ್ ಬಂದರೆ ಹಾಗೇನೂ ಮಾಡುವುದಿಲ್ಲ, ಏಕೆಂದರೆ ಕೀಬೋರ್ಡ್ ಎಂದರೆ ಯಜಮಾನನ ಕೈ. ಆ ಕೈ ಏನು ಬರೆಯಿತೋ ಅದು ಆಜ್ಞೆ. ಯಾರೂ ಮುಟ್ಟದ ಕೀಲಿಗಳಿಂದ ಆಜ್ಞೆಗಳು ತಾವಾಗಿ ಟೈಪ್ ಆಗುತ್ತಿದ್ದವು, ಯಂತ್ರ ಪಾಲಿಸುತ್ತಿತ್ತು. ಪ್ರಶ್ನಿಸದೆ ಒಪ್ಪಿಕೊಳ್ಳುವ ಒಂದು ಬಾಗಿಲು ಯಂತ್ರಕ್ಕೂ ಬೇಕು, ಇಲ್ಲದಿದ್ದರೆ ಅದನ್ನು ಬಳಸಲಿಕ್ಕೇ ಆಗದು. ಮನುಷ್ಯರಲ್ಲಿ ಆ ಬಾಗಿಲು, ಕೊಟ್ಟದ್ದನ್ನು ತೆಗೆದುಕೊಳ್ಳುವ ಕೈ. ನಮ್ಮ ಕಡೆ ತಾಂಬೂಲ ಕೊಟ್ಟರೆ ಒಳಗೆ ಏನಿದೆ ಎಂದು ಬಿಡಿಸಿ ನೋಡಿ ತೆಗೆದುಕೊಳ್ಳುವವರಿಲ್ಲ. ಅರಿಶಿನ ಕುಂಕುಮಕ್ಕೆ ಕರೆದಾಗ ಕೊಟ್ಟ ತೆಂಗಿನಕಾಯಿಯನ್ನು ಬೇಡ ಎಂದರೆ ಆ ಮನೆಯ ಜೊತೆ ಮಾತು ಬಿಟ್ಟ ಹಾಗೆ. ಕೊಡುವುದು ಹೇಗೋ ಪಡೆಯುವುದೂ ಹಾಗೆ ಕಟ್ಟುಪಾಡು ಎಂದು ಫ್ರಾನ್ಸಿನ ಮಾರ್ಸೆಲ್ ಮೋಸ್ 1925ರಲ್ಲಿ ಪಾಲಿನೇಷ್ಯಾ ಮತ್ತಿತರ ಸಮಾಜಗಳನ್ನು ಮುಂದಿಟ್ಟುಕೊಂಡು ಬರೆದರು. ನಮ್ಮ ಅಜ್ಜಿಯರಿಗೆ ಅದು ಓದದೆಯೇ ಗೊತ್ತಿತ್ತು.

ಆದರೆ ಆ ಕಟ್ಟುಪಾಡಿನ ಜೊತೆಗೆ ಒಂದು ಕಾವಲೂ ಇತ್ತು. ಹಳ್ಳಿಯ ಮದುವೆಗಳಲ್ಲಿ ಮುಯ್ಯಿ ಬರೆದುಕೊಳ್ಳುವವರನ್ನು ನೋಡಿದವರಿಗೆ ಅದು ಗೊತ್ತು. ಛತ್ರದ ಒಂದು ಮೂಲೆಯಲ್ಲಿ ಟೇಬಲ್ಲು, ಉದ್ದನೆಯ ನೋಟ್‌ಬುಕ್ಕು, ಅಕ್ಷರ ಚೆನ್ನಾಗಿರುವ ಒಬ್ಬ ಸೋದರಮಾವ. ಹೆಸರು, ಊರು, 101 ರೂಪಾಯಿ. ಒಂದು ಸ್ಟೀಲ್ ಕೊಡ. ಒಂದು ರವಿಕೆ ಕಣ. ಹತ್ತು ವರ್ಷದ ಮೇಲೆ ಆ ಮನೆಯಲ್ಲಿ ಮದುವೆಯಾದರೆ ಅಟ್ಟದಿಂದ ಪುಸ್ತಕ ಇಳಿಸಿ, ಪುಟ ತಿರುವಿ, ಅವರು ಕೊಟ್ಟದ್ದಕ್ಕೆ ಇಷ್ಟು ಸೇರಿಸಿ ಕೊಡುತ್ತಾರೆ. ಈ ಪುಸ್ತಕವನ್ನು ಹಾಡಿ ಹೊಗಳುವ ಆಸೆ ನನಗಿಲ್ಲ. ಹಿಂದಿರುಗಿಸಲು ಕೈಲಾಗದ ಎಷ್ಟೋ ಬಡವರು ಅದರ ಹೆದರಿಕೆಗೇ ಮದುವೆಗೆ ಹೋಗದೆ ಉಳಿದದ್ದುಂಟು. ಆದರೂ ಅದರಲ್ಲಿ ಹೆಸರಿಲ್ಲದ ಒಂದು ಸಾಲೂ ಇರುವುದಿಲ್ಲ. ಯಾರು ಕೊಟ್ಟರು ಎಂದು ಗೊತ್ತಿಲ್ಲದ ವಸ್ತು ಆ ಮನೆಯ ಒಳಗೆ ಬರುವುದೇ ಇಲ್ಲ.

ಈಗ ಅಸಲಿ ಗಿಫ್ಟ್ ವೋಚರ್ ಒಂದನ್ನು ಎದುರಿಗಿಟ್ಟು ನೋಡಿ. ಒಂದು ಚಿತ್ರ, ಮೇಲೊಂದು ರಿಬ್ಬನ್, ಕೆಳಗೆ ಅಕ್ಷರ ಅಂಕಿ ಬೆರೆತ ಒಂದು ಕೋಡ್, ಅದರ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಷರತ್ತುಗಳು. ನೆಂಟರು ಕಳಿಸಿದ್ದಾದರೆ ಒಂದು ಹೆಸರಾದರೂ ಇರುತ್ತದೆ. ಬ್ಯಾಂಕ್, ಅಂಗಡಿ, ಫೋನ್ ಕಂಪನಿ, ಆಫೀಸಿನ ಎಚ್‌ಆರ್ ವಿಭಾಗ ಕಳಿಸಿದ್ದಾದರೆ ಅದೂ ಇಲ್ಲ. ಕಳಿಸಿದವರ ವಿಳಾಸದ ಜಾಗದಲ್ಲಿ 'ನೋ-ರಿಪ್ಲೈ' ಎಂದಿರುತ್ತದೆ. ಥ್ಯಾಂಕ್ಸ್ ಹೇಳೋಣವೆಂದರೆ ತಲುಪುವುದಿಲ್ಲ. ಯಾಕೆ ನನಗೇ ಕೊಟ್ಟಿರಿ ಎಂದು ಕೇಳುವಂತಿಲ್ಲ. ಹಿಂದಿರುಗಿಸುವ ಮಾತಂತೂ ದೂರ. ಕೊಟ್ಟವರೇ ಇಲ್ಲದ ಕೊಡುಗೆಯನ್ನು ಪಡೆದು ಅಭ್ಯಾಸವಾದ ಮೇಲೆ ಆ ಖಾಲಿ ಜಾಗದಲ್ಲಿ ಯಾರು ಬಂದು ಕೂತರೂ ಗೊತ್ತಾಗುವುದಿಲ್ಲ.

ನಕಲಿ ವೋಚರ್ ನಕಲು ಮಾಡಿದ್ದು ಉಡುಗೊರೆಯನ್ನಲ್ಲ. ಉಡುಗೊರೆಯ ನಕಲಾಗಿದ್ದ ಇನ್ನೊಂದನ್ನು ಅದು ನಕಲು ಮಾಡಿತು. ಅದಕ್ಕೇ ಆ ದಾರಿ ಅಷ್ಟು ನುಣುಪು. ಕಳ್ಳ ಬರುವ ಮೊದಲೇ ವ್ಯಾಪಾರಿಗಳು ಅದನ್ನು ಉಜ್ಜಿ ಉಜ್ಜಿ ನುಣುಪು ಮಾಡಿದ್ದರು. 2017ರ ಸೆಪ್ಟೆಂಬರಿನಲ್ಲಿ ಗೂಗಲ್ ನಮ್ಮ ದೇಶಕ್ಕೆ ತೇಜ್ ಎಂಬ ಆ್ಯಪ್ ತಂದಿತು, ಈಗಿನ ಗೂಗಲ್ ಪೇ ಅದೇ. ದುಡ್ಡು ಕಳಿಸಿದರೆ ಒಂದು ಸ್ಕ್ರ್ಯಾಚ್ ಕಾರ್ಡ್. ಬೆರಳಲ್ಲಿ ಉಜ್ಜಿದರೆ ಹತ್ತೋ ಇಪ್ಪತ್ತೋ ರೂಪಾಯಿ, ಇಲ್ಲವೇ 'ಬೆಟರ್ ಲಕ್ ನೆಕ್ಸ್ಟ್ ಟೈಮ್'. ತರಕಾರಿ ಅಂಗಡಿಯ ಮುಂದೆ ನಿಂತು ಗಂಭೀರ ಮುಖ ಮಾಡಿಕೊಂಡು ಫೋನ್ ಉಜ್ಜುವವರನ್ನು ಆ ದಿನಗಳಲ್ಲಿ ಎಲ್ಲರೂ ನೋಡಿದ್ದೇವೆ. ಆ ಹತ್ತು ರೂಪಾಯಿಯಿಂದ ಯಾರ ಸಂಸಾರವೂ ನಡೆಯಲಿಲ್ಲ. ಆದರೆ ಹೊಳೆಯುವ ಚೌಕ ಕಂಡರೆ ಒತ್ತುವುದನ್ನು ಕೋಟ್ಯಂತರ ಬೆರಳುಗಳು ಕಲಿತವು. ಮೋಸಗಾರರ ಪಾಲಿಗೆ ಅದು ಬಿಟ್ಟಿ ತರಬೇತಿ.

ಇಂಥ ಕಳ್ಳತನದಿಂದ ಯಾರು ಬದುಕುತ್ತಾರೆ ಎಂಬುದೂ ಗುಟ್ಟೇನಲ್ಲ. ಡ್ರೈಡೆಕ್ಸ್ ಹಿಂದಿದ್ದದ್ದು ಈವಿಲ್ ಕಾರ್ಪ್ ಎಂಬ ರಷ್ಯನ್ ಗುಂಪು. 2019ರ ಡಿಸೆಂಬರಿನಲ್ಲಿ ಅಮೆರಿಕ ಅದರ ಮುಖಂಡನೆನ್ನಲಾದ ಮ್ಯಾಕ್ಸಿಮ್ ಯಾಕುಬೆಟ್ಸ್ ಮೇಲೆ ದೋಷಾರೋಪ ಹೊರಿಸಿ, ಅವನ ಸುಳಿವಿಗೆ 50 ಲಕ್ಷ ಡಾಲರ್ ಬಹುಮಾನ ಘೋಷಿಸಿತು. ನಲವತ್ತಕ್ಕೂ ಹೆಚ್ಚು ದೇಶಗಳಲ್ಲಿ 10 ಕೋಟಿ ಡಾಲರಿಗೂ ಮೀರಿದ ಕಳವು ಎಂಬುದು ಅಮೆರಿಕದ ಖಜಾನೆ ಇಲಾಖೆಯ ಲೆಕ್ಕ. ಮಾಸ್ಕೋದಲ್ಲಿ ಅವನು ಓಡಿಸುವ ಲ್ಯಾಂಬೋರ್ಗಿನಿಯ ನಂಬರ್ ಪ್ಲೇಟಿನಲ್ಲಿ ರಷ್ಯನ್ ಭಾಷೆಯಲ್ಲಿ 'ಕಳ್ಳ' ಎಂದೇ ಇದೆ ಎಂದು ಬ್ರಿಟನ್ನಿನ ಅಪರಾಧ ತನಿಖಾ ಸಂಸ್ಥೆ ಹೇಳಿತು. ಅವನ ವೋಚರುಗಳಿಗಿಂತ ಅವನ ಕಾರು ಪ್ರಾಮಾಣಿಕ.

ಕೊಡುಗೆಯ ಒಳಗೆ ವಿಷ ಇಟ್ಟು ಕಳಿಸುವುದು ಹೊಸ ಉಪಾಯವೇನಲ್ಲ. ಮಹಾಭಾರತದ ಆದಿಪರ್ವದಲ್ಲಿ ಪರೀಕ್ಷಿತ ಸಾಯುವ ಬಗೆಯನ್ನು ಈ ಕಣ್ಣಿನಿಂದ ಮತ್ತೆ ಓದಿದರೆ ಮೈ ಜುಮ್ಮೆನ್ನುತ್ತದೆ. ಏಳು ದಿನದೊಳಗೆ ತಕ್ಷಕನೆಂಬ ಸರ್ಪದ ಕಡಿತದಿಂದ ಸಾಯುತ್ತಾನೆ ಎಂಬ ಶಾಪ ತಗುಲಿದ ರಾಜ ಒಂಟಿಕಂಬದ ಮೇಲೆ ಅರಮನೆ ಕಟ್ಟಿಸುತ್ತಾನೆ. ಸುತ್ತ ಕಾವಲು, ವೈದ್ಯರು, ಔಷಧಿ, ಮಂತ್ರಸಿದ್ಧರು. ಈ ಕಾಲದ ಯಾವ ಕಂಪನಿಯ ಭದ್ರತಾ ಅಧಿಕಾರಿಯೂ ಅದಕ್ಕಿಂತ ಹೆಚ್ಚಿನದನ್ನು ಯೋಚಿಸಲಾರ. ವಿಷ ಇಳಿಸಬಲ್ಲ ಕಾಶ್ಯಪ ಎಂಬ ಬ್ರಾಹ್ಮಣ ರಾಜಧಾನಿಗೆ ಹೊರಟಿದ್ದವನನ್ನು ತಕ್ಷಕ ದಾರಿಯಲ್ಲೇ ದುಡ್ಡು ಕೊಟ್ಟು ಹಿಂದಕ್ಕೆ ಕಳಿಸುತ್ತಾನೆ. ಆಮೇಲೆ ತನ್ನ ಕಡೆಯ ನಾಗರನ್ನು ತಪಸ್ವಿಗಳ ವೇಷದಲ್ಲಿ ಹಣ್ಣು, ದರ್ಭೆ, ನೀರು ಹಿಡಿಸಿ ಅರಮನೆಗೆ ಅಟ್ಟುತ್ತಾನೆ. ರಾಜ ಸ್ವೀಕರಿಸುತ್ತಾನೆ. ತಪಸ್ವಿಗಳು ಆಶೀರ್ವದಿಸಿ ತಂದ ಹಣ್ಣನ್ನು ಯಾವ ರಾಜ ಬೇಡ ಎಂದಾನು? ಅವರಿಗೆ ಕೊಡಬೇಕಾದದ್ದನ್ನು ಕೊಟ್ಟು ಬೀಳ್ಕೊಡುತ್ತಾನೆ ಕೂಡ.

ಮಂತ್ರಿಗಳ ಜೊತೆ ಕೂತು ಹಣ್ಣು ತಿನ್ನಲು ತೆಗೆದುಕೊಂಡರೆ ರಾಜನ ಹಣ್ಣಿನಲ್ಲೇ ಒಂದು ಹುಳು. ಚಿಕ್ಕದು, ತಾಮ್ರದ ಬಣ್ಣ, ಕಪ್ಪು ಕಣ್ಣು. ಹುಳು ಕಂಡದ್ದು ರಾಜನಿಗೆ, ಯಾರೂ ಅದನ್ನು ಅವನಿಂದ ಮುಚ್ಚಿಡಲಿಲ್ಲ. ಏಳನೆಯ ದಿನದ ಸೂರ್ಯ ಮುಳುಗುತ್ತಿದ್ದಾನೆ, ಇನ್ನೇನು ಭಯ, ಈ ಹುಳುವೇ ತಕ್ಷಕನಾಗಿ ಕಚ್ಚಲಿ, ಋಷಿಯ ಮಾತೂ ಸುಳ್ಳಾಗದಿರಲಿ ಎಂದು ನಗುತ್ತ ತಾನೇ ಅದನ್ನು ಎತ್ತಿ ಕೊರಳ ಮೇಲೆ ಇಟ್ಟುಕೊಳ್ಳುತ್ತಾನೆ. ಕಾವಲು ಭೇದಿಸಿ ಬಂದದ್ದು ಹಣ್ಣು. ಕೊನೆಯ ಹೆಜ್ಜೆ ಇಟ್ಟದ್ದು ರಾಜನ ಕೈ. 'ಎನೇಬಲ್ ಕಂಟೆಂಟ್' ಒತ್ತುವ ಬೆರಳನ್ನು ನೆನೆದಾಗಲೆಲ್ಲ ನನಗೆ ಆ ಕೈ ನೆನಪಾಗುತ್ತದೆ. ದುರಾಸೆಯ ಮಾತು ಅಲ್ಲಿ ಎಲ್ಲಿಯೂ ಇಲ್ಲ. ದಣಿವು ಇದೆ, ಅಪಾಯ ಕಳೆಯಿತೆಂಬ ಹಗುರ ಇದೆ, ಅತಿಥಿ ತಂದದ್ದನ್ನು ಮನ್ನಿಸುವ ರೂಢಿ ಇದೆ.

ಮುಂದಿನ ಕಥೆಯೂ ಇಲ್ಲಿಗೆ ಹೊಂದುತ್ತದೆ. ಮಗ ಜನಮೇಜಯ ಹಾವುಗಳ ಕುಲವನ್ನೇ ಸುಡಲು ಯಾಗಕ್ಕೆ ಕೂರುತ್ತಾನೆ. ಯಾವ ಇಮೇಲನ್ನೂ ನಂಬಬೇಡಿ, ಯಾರು ಕಳಿಸಿದ್ದನ್ನೂ ತೆರೆಯಬೇಡಿ ಎಂಬ ನಮ್ಮ ಕಾಲದ ಸುತ್ತೋಲೆಗಳು ನನಗೆ ಆ ಯಾಗದಂತೆಯೇ ಕಾಣುತ್ತವೆ. ತಪ್ಪು ಎನ್ನಲಾರೆ, ಆದರೆ ಅವು ಎಲ್ಲವನ್ನೂ ಸುಡುತ್ತವೆ. ಯಾಗ ನಿಂತದ್ದು ಆಸ್ತೀಕನೆಂಬ ಹುಡುಗ ಬಂದು, ರಾಜ ಮೆಚ್ಚಿ ವರ ಕೊಡುತ್ತೇನೆಂದು ಮಾತು ಕೊಟ್ಟದ್ದರಿಂದ. ಕೊಡುಗೆಯ ನೆಪದಲ್ಲಿ ಅಪ್ಪನನ್ನು ಕಳೆದುಕೊಂಡವನಿಗೆ ಕೊಡುವ ಅಭ್ಯಾಸ ಹೋಗಿರಲಿಲ್ಲ.

ಇಷ್ಟು ಹೇಳಿ, ಕೊಟ್ಟವರ ಮುಖ ಕಂಡರೆ ಸಾಕು, ಕ್ಷೇಮ ಎಂದು ಮುಗಿಸಬಹುದಿತ್ತು. ಆದರೆ ಈಚಿನ ಮೋಸಗಳು ಆ ಮುಖವನ್ನೂ ಎರವಲು ಪಡೆಯುತ್ತಿವೆ. 2022ರ ಅಕ್ಟೋಬರಿನಲ್ಲಿ, ದೀಪಾವಳಿಯ ಹೊತ್ತಿಗೆ, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹಬ್ಬದ ಉಚಿತ ಉಡುಗೊರೆಯ ಲಿಂಕುಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು. ಹೆಸರಾಂತ ಬ್ರ್ಯಾಂಡಿನ ಹೆಸರಲ್ಲಿ ಅಭಿನಂದನೆ, ನಾಲ್ಕು ಪ್ರಶ್ನೆ, ಆಮೇಲೆ ಬಹುಮಾನ ಕೈಸೇರಬೇಕಾದರೆ ಇದನ್ನು ನಿಮ್ಮ ವಾಟ್ಸ್ಆ್ಯಪ್ ಗೆಳೆಯರಿಗೂ ಗುಂಪುಗಳಿಗೂ ಕಳಿಸಿ ಎಂಬ ಷರತ್ತು. ಹೆಚ್ಚಾಗಿ ಹೆಂಗಸರನ್ನು ಗುರಿ ಮಾಡಿದ್ದವು ಎಂದೂ ಅದು ಹೇಳಿತ್ತು. ಈ ಷರತ್ತು ಬರುವ ತನಕ ನಮ್ಮ ದೊಡ್ಡಮ್ಮ ಬರಿಯ ಮೋಸ ಹೋದವರು. ಷರತ್ತು ಪಾಲಿಸಿದ ಮೇಲೆ ಅವರೇ ಕೊಡುವವರು. ತವರಿನ ಗುಂಪು, ಭಜನೆಯ ಗುಂಪು, ಮೊಮ್ಮಗನ ಶಾಲೆಯ ಗುಂಪು, ಎಲ್ಲ ಕಡೆ ಅವರ ಹೆಸರು, ಅವರ ಫೋಟೊ ಹೊತ್ತು ಅದು ಹೋಗುತ್ತದೆ. ನನಗೆ ಸಿಕ್ಕಿದ್ದು ನಿಮಗೂ ಸಿಗಲಿ ಎಂಬ ಒಳ್ಳೆಯತನವೇ ಅದರ ಗಾಡಿ. ನೂರಾರು ಜನರ ದುಡ್ಡಿಗಿಂತ ಈ ಒಳ್ಳೆಯತನ ಕೆಟ್ಟುಹೋಗುವುದೇ ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ.

ಬೆಂಗಳೂರಿನ ವೈಟ್‌ಫೀಲ್ಡ್ ಪೊಲೀಸರ ಬಳಿಗೆ 2025ರ ಜನವರಿಯಲ್ಲಿ ಬಂದ ದೂರಿನಲ್ಲಿ ಉಡುಗೊರೆ ಒಂದು ಹೊಸ ಮೊಬೈಲೇ ಆಗಿತ್ತು. ಕ್ರೆಡಿಟ್ ಕಾರ್ಡ್ ಮಂಜೂರಾಗಿದೆ ಎಂದು ಬ್ಯಾಂಕಿನವರ ಸೋಗಿನಲ್ಲಿ ಕರೆ ಮಾಡಿ, ಬಿಟ್ಟಿಯಾಗಿ ಫೋನ್ ಕಳಿಸಿಕೊಟ್ಟರು. ಸಿಮ್ ಹಾಕಿಕೊಂಡವರು ಕಳೆದುಕೊಂಡದ್ದು 2.8 ಕೋಟಿ ರೂಪಾಯಿ. ಫೋನಿನೊಳಗೆ ಕಳ್ಳ ಆ್ಯಪುಗಳು ಮೊದಲೇ ಬಂದು ಕೂತಿದ್ದವು. ಇದರ ಸುದ್ದಿಯ ಕೆಳಗೂ ಆಸೆಬುರುಕತನದ ಮಾತು ಬಾರದೆ ಇರಲಿಲ್ಲ. ಆ ಮಾತಿಗೆ ಇನ್ನೊಂದು ಬೆಲೆಯಿದೆ. ದುಡ್ಡು ಹೋದ ಕೂಡಲೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ಕಳ್ಳರ ಖಾತೆಯನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ, ತಡವಾದಷ್ಟೂ ಅದು ಕೈಜಾರುತ್ತದೆ. ಆದರೆ 'ಪುಕ್ಕಟೆ ಆಸೆಗೆ ಬಿದ್ದೆಯಾ' ಎಂದು ಮನೆಯವರೇ ಕೇಳುತ್ತಾರೆಂದು ಗೊತ್ತಿರುವ ಮನುಷ್ಯ ಮೊದಲ ಎರಡು ದಿನ ಯಾರಿಗೂ ಹೇಳುವುದಿಲ್ಲ. ಆ ಎರಡು ದಿನವನ್ನು ಕಳ್ಳರಿಗೆ ಕೊಡುವವರು ನಾವು.

2024ರ ಕೊನೆಗೆ ಮದುವೆಯ ಕರೆಯೋಲೆಯೂ ಈ ಸಾಲಿಗೆ ಸೇರಿತು. ವಾಟ್ಸ್ಆ್ಯಪಿನಲ್ಲಿ ಲಗ್ನಪತ್ರಿಕೆ ಎಂದು ಬರುವುದು ಪತ್ರಿಕೆಯಲ್ಲ, ಆ್ಯಪ್ ಅಳವಡಿಸುವ ಎಪಿಕೆ ಫೈಲು, ತೆರೆದರೆ ಫೋನ್ ಪರರ ಪಾಲು ಎಂದು ಹಿಮಾಚಲ ಪ್ರದೇಶದ ಪೊಲೀಸರು ಎಚ್ಚರಿಸಿದರು. ನಮ್ಮ ಕಡೆಯ ಕುಟುಂಬದ ಗುಂಪುಗಳಲ್ಲೂ ಆ ಎಚ್ಚರಿಕೆ ನಾಲ್ಕಾರು ಸುತ್ತು ಹೊಡೆಯಿತು. ಅದಾದ ಮೇಲೆ ಒಂದು ಬದಲಾವಣೆ ಕಾಣುತ್ತಿದ್ದೇನೆ. ಪತ್ರಿಕೆಯನ್ನು ಫೋನಿಗೆ ತಳ್ಳಿ ಕೈ ತೊಳೆದುಕೊಳ್ಳುತ್ತಿದ್ದ ನೆಂಟರು ಈಗ ಮೊದಲು ಫೋನ್ ಮಾಡುತ್ತಾರೆ. ಮಗಳ ಮದುವೆ ಎಂಬ ಸುದ್ದಿ, ಹುಡುಗ ಯಾವ ಊರು, ಬೀಗರು ಹೇಗೆ, ಅತ್ತಿಗೆಯ ಮಂಡಿನೋವು ಈಗ ಎಷ್ಟೋ ವಾಸಿ, ಎಲ್ಲವೂ ಹೇಳಿ ಕೇಳಿ ಆಗುತ್ತದೆ. ಕೊನೆಗೆ, "ಈಗ ಕಾರ್ಡ್ ಕಳಿಸ್ತೀನಿ ಕಣೋ. ಬರೀ ಫೋಟೊ. ಹೆದರ್ಕೋಬೇಡ, ಒತ್ತು."